ನಲವತ್ತೊಂಬತ್ತನೇ ಮನೆ

ನಸುಕಿನ ನಾಲ್ಕಕ್ಕೆ ಬ್ಯಾಟರಿ ಒಂದು ಸಲ ತೂಕಡಿಸಿತು.
ಅಷ್ಟೇ. ಎಂಗುರಿ ಹೊಳೆಯ ಕಣಿವೆಗೆ ಬಾಗಿದ ದಿಣ್ಣೆಯಲ್ಲಿ,
ಸೊಂಟದವರೆಗೆ ಹಿಮದಲ್ಲಿ ಹೂತ ತಗಡಿನ ಪೆಟ್ಟಿಗೆಯೊಳಗೆ
ಬೋರ್ಡು ಸತ್ತು, ಮರುಕ್ಷಣ ಹುಟ್ಟಿತು.
ಕರ್ನಲ್ಲು ಕಣ್ಣುಜ್ಜಿಕೊಂಡು ಎದ್ದು
ಯಾರಿದ್ದೀರಿ ಎಂದು ಕೇಳಿತು.

ಯಾರೂ ಹೂಂ ಅನ್ನಲಿಲ್ಲ.

ಜೋಕಿಯಾ ಹಿಮದ ಬಂಡಿಯಲ್ಲಿ ಅರ್ಧ ದಾರಿ ಬಿಟ್ಟ.
"ಎಂಟಕ್ಕೆ ಶಾಲೆ ಬಸ್ಸು ಹೊರಡುತ್ತೆ, ಮಕ್ವಲಾ.
ರಸ್ತೆ ತೆರೀಲೋ ಬೇಡ್ವೋ, ನಿನ್ನ ಡಬ್ಬೀನ ಕೇಳಿ ಹೇಳು."
ಮಿಕ್ಕ ಅರ್ಧ ಕಾಲಿಗೆ ಹಲಗೆ ಕಟ್ಟಿಕೊಂಡು.
ತೆಂಕಣ ಗಾಳಿ, ಫೆಬ್ರವರಿಗೆ ಸಲ್ಲದಷ್ಟು ಬೆಚ್ಚಗೆ;
ಹಿಮ ನಾದಿದ ಹಿಟ್ಟಿನ ಹಾಗೆ ಹಲಗೆಗೆ ಅಂಟುತ್ತಿತ್ತು.
ಲ್ಯಾಪ್‌ಟಾಪು ಕೋಟಿನೊಳಗೆ, ಕೂಸಿನಂತೆ.

ಒಳಗಿರುವುದು ಎರಡೇ ತಂತಿ.
ಒಂದು ಮಾತಿಗೆ, ಒಂದು ತಾಳಕ್ಕೆ.
ಇಡೀ ಕೇರಿ ಬದುಕುವುದು ಆ ಎರಡರ ಮೇಲೆ:
ಗಡಿಯಾರದ ಚಿಪ್ಪು, ಗಾಳಿಯ ಒತ್ತಡದ ಚಿಪ್ಪು,
ಹಿಮದ ಮೇಲ್ಪದರಕ್ಕೊಂದು ಉಷ್ಣಮಾಪಕ, ನಡುಪದರಕ್ಕೊಂದು.
ಮನೆ ನಂಬರು ಹದಿನಾರರ ಲೆಕ್ಕದಲ್ಲಿ.
ತಂತಿಯನ್ನು ಮೇಲೆತ್ತುವ ಹಕ್ಕು ಇವರ್ಯಾರಿಗೂ ಇಲ್ಲ.
ಸಾಸಿವೆಯಂಥ ರೆಸಿಸ್ಟರೊಂದು ಅದನ್ನು ಎತ್ತಿ ಹಿಡಿದಿರುತ್ತದೆ,
ಕೆಳಕ್ಕೆ ಜಗ್ಗುವುದೇ ಇಲ್ಲಿಯ ಮಾತೆಲ್ಲ.
ಎಂಟು ಮಿಡಿತ ಹೇಳುವವರದು,
ಒಂಬತ್ತನೆಯದು ಕೇಳುವವರದು:
ಆಗ ಅವರು ತಂತಿಯನ್ನು ತುಸು ಜಗ್ಗಬೇಕು. ಅದೇ ಹೂಂ.

ನನ್ನ ಅಜ್ಜಿ ಕತ್ತಲಲ್ಲಿ ಕತೆ ಹೇಳುತ್ತಿದ್ದದ್ದೂ ಹೀಗೇ.
ಮಾತಿಗೊಮ್ಮೆ "ಹೋ" ಅನ್ನದೆ ಹೋದರೆ
ತೋಳವನ್ನು ಬಾಗಿಲಲ್ಲೇ ನಿಲ್ಲಿಸಿ ಮಗ್ಗುಲಾಗುತ್ತಿದ್ದಳು.
ಒಂದು ತೋಳ ಈಗಲೂ ಅಲ್ಲೇ ನಿಂತಿದೆ.

ತೆರೆಯ ಮೇಲೆ ಒಂದೇ ಸಾಲು: ಸಮಯ ಮೀರಿತು.
ಮತ್ತೆ ಕರೆದೆ. ಸಮಯ ಮೀರಿತು.
ಕೇರಿಗೆ ಕೇರಿಯೇ ಠೂ ಬಿಟ್ಟ ಹಾಗೆ,
ಮನೆಗಳ ಪಟ್ಟಿಯ ತುಂಬ ಬರೀ ಅಡ್ಡಗೆರೆ.
ಮೀಟರಿನ ಮೊನೆ ತಾಗಿಸಿ ನೋಡಿದೆ.
ತಾಳದ ತಂತಿ ಮೇಲಿದೆ, ಮಾತಿನ ತಂತಿ ನೆಲ ಕಚ್ಚಿದೆ.
ಯಾರೋ ಹಿಡಿದುಕೊಂಡಿದ್ದಾರೆ.

ತಪ್ಪು ಯಾರದೆಂದು ಹೇಳಲಿ?
ಬ್ಯಾಟರಿ ತೂಕಡಿಸಿದಾಗ ನಡುಪದರದ ನಲವತ್ತೊಂಬತ್ತನೇ ಮನೆ
ಕೇಳಿದ್ದಕ್ಕೆ ಉತ್ತರ ಕೊಡುತ್ತಿತ್ತು.
ಸೊನ್ನೆಯೊಂದು ಬಾಯಿಂದ ಅರ್ಧ ಹೊರಬಂದಿತ್ತು.
ಬೋರ್ಡಿಗೆ ಮರುಜನ್ಮ, ಹಿಂದಿನದೇನೂ ನೆನಪಿಲ್ಲ.
ಚಿಪ್ಪು ಸಾಯಲೇ ಇಲ್ಲ, ಅದಕ್ಕಿನ್ನೂ ಹಳೇ ಮಾತೇ ನಡೆದಿದೆ:
ಮುಂದಿನ ತಾಳ ಬರಲಿ, ಆಮೇಲೆ ಬಿಡುತ್ತೇನೆ ಎಂದು
ಆ ಸೊನ್ನೆಯನ್ನು ಕಚ್ಚಿಕೊಂಡು
ಮೂರು ಗಂಟೆ ಕಾದು ಕೂತಿದೆ.

ಡ್ರೈವರನ್ನು ಬದಿಗೆ ಕೂರಿಸಿ
ತಾಳದ ತಂತಿಯನ್ನು ನಾನೇ ಕೈಗೆ ತೆಗೆದುಕೊಂಡೆ.
ಕೈಗವುಸು ಬಿಚ್ಚಿ ಒಂದೊಂದೇ ಒತ್ತಿದೆ.
ಒಂದು. ಎರಡು.
ಒಂಬತ್ತರೊಳಗೆ ಯಾರ ಮಾತಾದರೂ ಮುಗಿಯಲೇಬೇಕು.
ಐದು. ಆರು. ಇಲ್ಲ.
ಏಳಕ್ಕೆ
ಬಿಟ್ಟಿತು.
ಸದ್ದಿಲ್ಲ ಸುಳಿವಿಲ್ಲ; ಮೀಟರಿನಲ್ಲಿ ಮೂರು ಚಿಲ್ಲರೆ ವೋಲ್ಟು.

ನಲವತ್ತೊಂಬತ್ತೇ, ಇದ್ದೀಯಾ?
ಹೂಂ.
ಹೇಳು ಮತ್ತೆ.
ಇನ್ನೂರೈವತ್ತೈದು, ಅಂದಿತು.
ಎಂಟು ಬಿಟ್ಟಿಗೆ ಅದಕ್ಕಿಂತ ದೊಡ್ಡ ಅಂಕಿ ಹಿಡಿಸದು.
ಆದರೆ ಈ ಚಿಪ್ಪಿನ ನುಡಿಯಲ್ಲಿ
ಸೊನ್ನೆಯಿಂದ ಒಂದೇ ಮೆಟ್ಟಿಲು ಇಳಿದರೆ ಸಿಗುವುದೂ ಅದೇ:
ಮೈನಸ್ ಒಂದು ಡಿಗ್ರಿ.
ನಿನ್ನೆ ಸಂಜೆ ಮೈನಸ್ ಏಳಿತ್ತು.
ಮೇಲ್ಪದರ ಆಗಲೇ ಸೊನ್ನೆ.
ನೀರು ಒಳಗೊಳಗೇ ಇಳಿಯುತ್ತಿದೆ.

"ಜೋಕಿಯಾ, ಬಸ್ಸು ಬೇಡ. ಕೇಳಿಸ್ತಾ?"
ವಾಕಿಟಾಕಿಯ ಚರಚರ.
"ಹೋ," ಅಂದ ಕಡೆಗೆ, ಬಾಯಲ್ಲಿ ರೊಟ್ಟಿ ಇಟ್ಟುಕೊಂಡೇ.

ಅಂದು ಇಳಿಜಾರು ಕದಲಲಿಲ್ಲ.
ಮಾರನೇ ದಿನವೂ. ಅಂಗಡಿಯ ನಾತೇಲಾ
ನಿನ್ನ ಡಬ್ಬಿಗೇ ಜ್ವರ ಬಂದಿತ್ತೇನೋ ಅಂದಳು.
ಮೂರನೇ ರಾತ್ರಿ, ಎಲ್ಲರೂ ಮಲಗಿದ ಮೇಲೆ,
ಸುರಂಗದ ಬಾಯಿಯವರೆಗೂ ಇಳಿದು ಬಂತು.
ರಸ್ತೆಯಲ್ಲಿ ಒಂದು ನಾಯಿಯೂ ಇರಲಿಲ್ಲ.

ದಿನಚರಿಯಲ್ಲಿ ಬರೆದದ್ದು ಇಷ್ಟೇ:
ನಲವತ್ತೊಂಬತ್ತು ಹಿಡಿದಿತ್ತು, ಏಳಕ್ಕೆ ಬಿಟ್ಟಿತು.
ಹೊಸ ಬ್ಯಾಟರಿಗೆ ಅರ್ಜಿ ಹಾಕಿದ್ದೇನೆ, ಇದು ನಾಲ್ಕನೇ ಸಲ.
ಮೆಸ್ಟಿಯಾದ ಕಚೇರಿಯಿಂದ
ಇನ್ನೂ ಹೂಂ ಬಂದಿಲ್ಲ.